ಕರಡಿ ಕುಣಿಯುತ್ತಿಲ್ಲ

ಮೃಗಾಲಯದ ಪಶುವೈದ್ಯನಾಗಿ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿಸಿಕೊಂಡ ಮಾತಿದು: ‘ನೋಡು ಪುಟ್ಟಾ, ಕರಡಿ ಕುಣಿಯುತ್ತಿದೆ!’ ಕರಡಿ ನಿಂತಲ್ಲೇ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಅಪ್ಪ ಮೊಬೈಲ್ ಎತ್ತುತ್ತಾರೆ, ಮಗು ಚಪ್ಪಾಳೆ ತಟ್ಟುತ್ತದೆ. ನನಗೆ ಮಾತ್ರ ಹೊಟ್ಟೆಯೊಳಗೆ ಸಂಕಟ. ಮಾಡಲು ಕೆಲಸವಿಲ್ಲದ, ಅಥವಾ ಹಿಂದೆಂದೋ ನೋವುಂಡ ಪ್ರಾಣಿ ಹಾಗೆ ತೂಗಾಡುತ್ತದೆ. ಚಿರತೆ ಬೋನಿನುದ್ದಕ್ಕೂ ಶತಪಥ ಹಾಕುವುದೂ ಇದೇ ಬಗೆಯದು.

ಕಲಂದರರು ಮೂತಿಗೆ ರಂಧ್ರ ಕೊರೆದು, ಹಗ್ಗ ಪೋಣಿಸಿ ಕರಡಿ ಕುಣಿಸುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿಯೇ ಇರುತ್ತಾರೆ. ಅವರಿಂದ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲೂ ಆಶ್ರಯ ಸಿಕ್ಕಿದೆ. ಹಗ್ಗ ಬಿಚ್ಚಿ ವರ್ಷಗಳಾದರೂ ತೂಗಾಟ ಬಿಡದ ಕರಡಿಗಳುಂಟು.

ಇದಕ್ಕೆ ಮಾತ್ರೆಗಿಂತ ಕೆಲಸವೇ ಮದ್ದು. ನಮ್ಮ ಪಾಲಕರೊಬ್ಬರು ಮರದ ದಿಮ್ಮಿಯಲ್ಲಿ ಆಳವಾದ ತೂತುಗಳನ್ನು ಕೊರೆದು, ಒಳಗೆ ಒಣದ್ರಾಕ್ಷಿ ತುಂಬಿ, ತೂತಿನ ಬಾಯಿಗೆ ಜೇನುತುಪ್ಪ ಸವರಿ ಇಡುತ್ತಿದ್ದರು. ನಮ್ಮ ಕರಡಿಯ ಜಾತಿಗೇ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಚಾಚಿ, ಹುತ್ತದಿಂದ ಗೆದ್ದಲನ್ನು ಸೆಳೆಯುವುದು ಆ ಸಂದಿಯಿಂದಲೇ. ದಿಮ್ಮಿಗೆ ಬಾಯಿಟ್ಟರೆ ಬರುವ ಸೊರಸೊರ ಸದ್ದು ಕಟಕಟೆಯ ಈಚೆಗೂ ಕೇಳಿಸುತ್ತದೆ. ಶಾಲೆಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: ‘ಸಾರ್, ಅದಕ್ಕೂ ಹಾಲುಹಲ್ಲು ಬಿದ್ದಿದೆಯಾ?’ ಅವಳ ಬಾಯಲ್ಲೂ ಎರಡು ಹಲ್ಲು ಇರಲಿಲ್ಲ. ಹೆಸರು, ವೈಜ್ಞಾನಿಕ ಹೆಸರು, ಆಹಾರ ಎಂದು ಬರೆದ ನಮ್ಮ ಫಲಕವನ್ನು ಅಂದು ಯಾರೂ ಓದಲಿಲ್ಲ. ದಿಮ್ಮಿಯ ಮುಂದಿನಿಂದ ಯಾರೂ ಕದಲಲೂ ಇಲ್ಲ.

‘ಇಲ್ಲಿ ಮರಿ ಹಾಕಿಸಿ ಕಾಡಿಗೆ ಬಿಡಬಾರದೇ?’ ಎಂದು ಹಿರಿಯರು ಕೇಳುತ್ತಾರೆ. ಕರಡಿಯ ಮಟ್ಟಿಗೆ ಅದು ಕೆಟ್ಟ ಉಪಾಯ. ಮನುಷ್ಯನ ಕೈಯಿಂದ ಉಂಡು ಬೆಳೆದ ಕರಡಿ ಊರಿಗೇ ಬರುತ್ತದೆ. ಅದಕ್ಕೆ ಬೇಕಿರುವುದು ಹಂಪಿ ಬಳಿಯ ದರೋಜಿಯಂಥ ಬಂಡೆಗುಡ್ಡ. 1994ರಲ್ಲಿ ಅದನ್ನು ಕರಡಿಧಾಮವೆಂದು ಘೋಷಿಸಿದ್ದು ಹತ್ತು ಬೋನುಗಳಿಗಿಂತ ಹೆಚ್ಚಿನ ಕೆಲಸ.

ರಣಹದ್ದಿನ ಕಥೆ ಬೇರೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಹರಿಯಾಣದ ಪಿಂಜೋರ್ ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಮೊದಲ ಮೊಟ್ಟೆಯನ್ನು ತೆಗೆದು ಇನ್‌ಕ್ಯುಬೇಟರಿಗೆ ಸೇರಿಸುತ್ತಾರೆ. ಗೂಡು ಖಾಲಿಯಾದ ಜೋಡಿ ಇನ್ನೊಂದನ್ನು ಇಡುವುದುಂಟು. ಆದರೆ ರಣಹದ್ದುಗಳನ್ನು ಕೊಂದದ್ದು ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು. ದನಗಳಿಗೆ ಅದನ್ನು ಚುಚ್ಚಿದವರು ನಾವೇ, ಪಶುವೈದ್ಯರು. ನೋವು ಇಳಿಯುತ್ತದೆಂದು ಕೊಟ್ಟೆವು; ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟಿತು. 2006ರಲ್ಲಿ ಪಶುಬಳಕೆಗೆ ನಿಷೇಧ ಬಂತು. ಹೊರಗೆ ವಿಷ ಉಳಿದಿದ್ದರೆ ಪಂಜರದಲ್ಲಿ ಎಷ್ಟು ಮರಿ ಮಾಡಿಸಿ ಏನು ಬಂತು? ರಾಮನಗರದ ಬೆಟ್ಟದ ಮೇಲೆ ಉಳಿದಿರುವ ಹದ್ದುಗಳಿಗೂ ಇದೇ ಲೆಕ್ಕ.

ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ಕರಡಿಯೇ ಕಾಣಿಸಲಿಲ್ಲವೆಂದು ಟಿಕೆಟ್ ದುಡ್ಡು ವಾಪಸ್ ಕೇಳಿದವರಿದ್ದಾರೆ. ಅದು ಗುಹೆಯೊಳಗೆ ಕಾಲು ಚಾಚಿ ಮಲಗಿತ್ತು. ನಾನೂ ಹಿಂದಿನ ಕಿಂಡಿಯಿಂದ ಇಣುಕಿ, ಸದ್ದು ಮಾಡದೆ ಬಂದು, ಆ ದಿನದ ಪುಸ್ತಕದಲ್ಲಿ ‘ಆರೋಗ್ಯ ಚೆನ್ನಾಗಿದೆ’ ಎಂದು ಬರೆದೆ.