ಮಡಚುವ ಚಾಕುವಿನ ಜೀವ ಅದರ ಕೀಲು

ಚಾಕುಗಳಿಗೆ ಸಾಣೆ ಹಿಡಿಯುವುದು, ಸಡಿಲಗೊಂಡ ಕೀಲುಗಳನ್ನು ಬಿಗಿ ಮಾಡುವುದು ನನ್ನ ವೃತ್ತಿ. ಅಪರೂಪದ ವಿನ್ಯಾಸದ ಚಾಕು ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಅಲಗು ಹಿಡಿಯನ್ನು ಸೇರುವ ಜಾಗಕ್ಕೆ. ತೆರೆದ ಅಲಗು ಕೆಲಸದ ನಡುವೆ ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಕುಶಲಕರ್ಮಿ ಕಂಡುಕೊಂಡ ಉತ್ತರ ಅಲ್ಲಿರುತ್ತದೆ. ಸಾಮಾನ್ಯ ಚಾಕುಗಳಲ್ಲಿ ಹಿಡಿಯ ಬೆನ್ನಿಗೆ ಕೂರಿಸಿದ ಸ್ಪ್ರಿಂಗ್ ಪಟ್ಟಿಯೊಂದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಆ ದಾರಿಯನ್ನು ಬಿಟ್ಟು ನಡೆದವುಗಳು ನನಗೆ ಹೆಚ್ಚು ಪ್ರಿಯ.

ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಮಡಚುವ ಚಾಕುವಿನಲ್ಲಿ ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ತಗಡನ್ನು ಬಾಗಿಸಿ ಮಾಡಿದ ಹಿಡಿ, ಅಲಗನ್ನು ಹಿಡಿಗೆ ಸೇರಿಸುವ ಒಂದು ರಿವೆಟ್ ಮೊಳೆ, ಅಲಗಿನ ಬುಡದಿಂದ ಹೊರಚಾಚಿದ ‘ಚಿಕಿರಿ’ ಎಂಬ ಪುಟ್ಟ ಬಾಲ, ಇಷ್ಟೇ ಅದರ ಸಾಮಗ್ರಿ. ಕೊರೆಯುವಾಗ ಹೆಬ್ಬೆರಳು ಆ ಬಾಲವನ್ನು ಒತ್ತಿಕೊಂಡಿರುವುದರಿಂದ ಅಲಗು ಮಡಚಿಕೊಳ್ಳುವುದಿಲ್ಲ. ಬಳಸುತ್ತ ಕೀಲು ಸಡಿಲವಾದರೆ, ರಿವೆಟ್‌ನ ಒಂದು ತಲೆಯನ್ನು ಉಕ್ಕಿನ ದಿಮ್ಮಿಯ ಮೇಲಿಟ್ಟು ಇನ್ನೊಂದನ್ನು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತೇನೆ. ಪ್ರತಿ ಪೆಟ್ಟಿನ ನಂತರವೂ ಅಲಗನ್ನು ತೆರೆದು ಮುಚ್ಚಿ ನೋಡುತ್ತೇನೆ, ಏಕೆಂದರೆ ಒಂದು ಪೆಟ್ಟು ಹೆಚ್ಚಾದರೂ ಅಲಗು ಕಚ್ಚಿಕೊಂಡು ಕೂರುತ್ತದೆ.

ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕುವೂ ಮೊದಲಿಗೆ ಕೇವಲ ಘರ್ಷಣೆಯ ಬಲದಿಂದಲೇ ನಿಲ್ಲುತ್ತಿತ್ತು. 1955ರಲ್ಲಿ ಅದರ ಕೊರಳಿಗೆ ತಿರುಗುವ ಉಕ್ಕಿನ ಉಂಗುರ ಬಂತು. ಉಂಗುರದಲ್ಲಿ ಒಂದು ಸೀಳಿದ್ದು, ಸೀಳು ಅಲಗಿನ ನೇರಕ್ಕೆ ಬಂದಾಗ ಅಲಗು ಮಡಚುತ್ತದೆ. ಸ್ವಲ್ಪ ತಿರುಗಿಸಿದರೆ ದಾರಿ ಮುಚ್ಚುತ್ತದೆ. ಇಷ್ಟು ಸರಳವಾದ, ಇಷ್ಟು ನಂಬಿಕಸ್ತ ಬೀಗ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಇದರ ದೌರ್ಬಲ್ಯವಿರುವುದು ಮರದಲ್ಲಿ: ಬೀಚ್ ಮರದ ಹಿಡಿ ತೇವ ಹೀರಿ ಉಬ್ಬಿದರೆ ಅಲಗು ಹೊರಬರಲು ಹಟ ಮಾಡುತ್ತದೆ. ಆಗ ಉಂಗುರವನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ, ಉಗುರು ಸಿಕ್ಕಿಸಿ ಎಳೆಯಲು ಅಲಗಿನಲ್ಲಿ ಕೊರೆದ ಕಚ್ಚು ಕೈಗೆ ಸಿಗುವಷ್ಟು ಮೇಲೇಳುತ್ತದೆ.

ಸ್ಪೇನಿನ ನವಾಹಾ ಚಾಕುಗಳಲ್ಲಿ ಕೆಲವಕ್ಕೆ ಅಲಗಿನ ಬುಡದಲ್ಲಿ ಹಲ್ಲುಗಳಿದ್ದು, ತೆರೆಯುವಾಗ ಕಟಕಟ ಸದ್ದಾಗುತ್ತದೆ. 1902ರಿಂದ ಜರ್ಮನಿಯಲ್ಲಿ ತಯಾರಾಗಿ, ನಂತರ ದಕ್ಷಿಣ ಆಫ್ರಿಕಾಕ್ಕೆ ನೆಲೆ ಬದಲಿಸಿದ ಒಕಾಪಿ ಚಾಕುವಿನದ್ದೂ ಇದೇ ಜಾತಿ. ಬೆನ್ನ ಮೇಲಿನ ಬಳೆಯನ್ನು ಎತ್ತಿದರೆ ಮಾತ್ರ ಅದರ ಅಲಗು ಬಿಡುಗಡೆಯಾಗುತ್ತದೆ. ಫಿಲಿಪ್ಪೀನ್ಸಿನ ಬಾಲಿಸಾಂಗ್‌ನಲ್ಲಿ ಹಿಡಿಯೇ ಎರಡು ಭಾಗವಾಗಿ ಅಲಗಿನ ಸುತ್ತ ತಿರುಗಿ, ಮುಚ್ಚಿದಾಗ ಒರೆಯಾಗುತ್ತದೆ. ನೋಡಲು ಸೊಗಸು, ಆದರೆ ಹಲವು ದೇಶಗಳ ಕಾನೂನು ಅದಕ್ಕೆ ಅಡ್ಡ ಬರುತ್ತದೆ. ಬ್ರಿಟನ್ನಿನಲ್ಲಂತೂ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳಕ್ಕೆ ಒಯ್ಯಬಹುದಾದದ್ದು 3 ಇಂಚು ಮೀರದ ಬಾಯಿಯ, ಬೀಗವಿಲ್ಲದ ಮಡಚುವ ಚಾಕು ಮಾತ್ರ.

ಇಂಥ ಚಾಕು ಕೊಂಡವರು ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಲಿ. ಅಲಗನ್ನು ತೆರೆದು ಅಡ್ಡಡ್ಡ ಅಲುಗಿಸಿದಾಗ ಅಲುಗಾಟ ಕಂಡರೆ, ಸಾಣೆಗಿಂತ ಮೊದಲು ರಿವೆಟ್‌ನ ಕೆಲಸ ಮುಗಿಸಲಿ.