ಬಾಲದಲ್ಲಿ ನೇತಾಡುವ ಕೋತಿ ನಮ್ಮೂರಲ್ಲಿ ಯಾಕಿಲ್ಲ?

ಓದುಗರ ಪ್ರಶ್ನೆ: ಮಕ್ಕಳ ಚಿತ್ರಪುಸ್ತಕದಲ್ಲಿ ಕೋತಿ ಅಂದರೆ ಬಾಲವನ್ನು ಕೊಂಬೆಗೆ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿರುತ್ತದೆ. ನಮ್ಮ ಸುತ್ತಮುತ್ತ ಇಷ್ಟೊಂದು ಕೋತಿಗಳಿವೆ. ಒಂದಾದರೂ ಹಾಗೆ ನೇತಾಡಿದ್ದನ್ನು ನಾನು ನೋಡಿಲ್ಲ. ಅದು ಸುಮ್ನೆ ಚಿತ್ರ ಬರೆಯುವವರ ಕಲ್ಪನೆಯಾ?

ಕಲ್ಪನೆ ಅಲ್ಲ. ಆದರೆ ಆ ಚಿತ್ರದಲ್ಲಿರುವುದು ನಮ್ಮ ಕೋತಿಯೂ ಅಲ್ಲ. ಊರಿನ ಕೋತಿ, ಮುಸುವ, ಪಶ್ಚಿಮ ಘಟ್ಟದ ಸಿಂಗಳೀಕ ಯಾವುದಕ್ಕೂ ಬಾಲದಲ್ಲಿ ನೇತಾಡಲು ಬರುವುದಿಲ್ಲ. ಏಷ್ಯಾ, ಆಫ್ರಿಕಾ ಎರಡೂ ಖಂಡ ಹುಡುಕಿದರೂ ಅಂಥ ಕೋತಿ ಸಿಗುವುದಿಲ್ಲ. ಅದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಕಾಡುಗಳ ಕೆಲವೇ ಕೋತಿಗಳಿಗೆ ಇರುವ ಕಲೆ. ಅವುಗಳಲ್ಲಿ ಎಲ್ಲರಿಗಿಂತ ಪಳಗಿದ್ದು ಸ್ಪೈಡರ್ ಮಂಕಿ.

ಅದರ ಬಾಲವನ್ನು ಹತ್ತಿರದಿಂದ ನೋಡಬೇಕು. ಮೈಗಿಂತ ಉದ್ದ, ಬುಡದಲ್ಲಿ ದಪ್ಪ ಸ್ನಾಯು. ತುದಿಯ ಒಳಭಾಗದಲ್ಲಿ ಒಂದು ಉದ್ದನೆಯ ಪಟ್ಟಿಯಷ್ಟು ಜಾಗಕ್ಕೆ ಕೂದಲೇ ಇಲ್ಲ. ಬರೀ ಚರ್ಮ, ಅದರ ಮೇಲೆ ನಮ್ಮ ಬೆರಳಚ್ಚಿನಂಥ ಸಣ್ಣ ಸಣ್ಣ ಗೆರೆಗಳು. ಒದ್ದೆ ಕೊಂಬೆಯೂ ಜಾರದ ಹಾಗೆ ಹಿಡಿತ ಕೊಡುವುದು ಈ ಗೆರೆಗಳೇ. ಮುಟ್ಟಿದ್ದನ್ನು ತಿಳಿಯುವುದರಲ್ಲೂ ತುಂಬಾ ಸೂಕ್ಷ್ಮ ಆ ಚರ್ಮ. ಮಿದುಳಿನಲ್ಲೂ ಬಾಲಕ್ಕೆಂದೇ ದೊಡ್ಡ ಜಾಗ ಮೀಸಲಾಗಿದೆ. ಏಳೆಂಟು ಕಿಲೋ ತೂಗುವ ದೊಡ್ಡ ಕೋತಿ ಬರೀ ಬಾಲದಲ್ಲಿ ಜೋತುಬಿದ್ದು ನಾಲ್ಕೂ ಕೈಕಾಲುಗಳನ್ನು ಖಾಲಿ ಇಟ್ಟುಕೊಳ್ಳಬಲ್ಲದು. ಇನ್ನು ಕೈ ನೋಡಿದರೆ ಹೆಬ್ಬೆರಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಉಳಿದ ನಾಲ್ಕು ಬೆರಳು ಉದ್ದವಾಗಿ, ಹಣ್ಣು ಕೀಳುವ ದೋಟಿಯ ಕೊಕ್ಕೆಯ ಹಾಗೆ ಬಾಗಿವೆ. ಕೊಂಬೆಯಿಂದ ಕೊಂಬೆಗೆ ತೂಗಿಕೊಂಡು ಹೋಗುವವರಿಗೆ ಹೆಬ್ಬೆರಳು ಅಡ್ಡಿಯೇ.

ಇಷ್ಟೆಲ್ಲ ಯಾಕೆ? ಹಣ್ಣಿಗಾಗಿ. ಹಣ್ಣು ಬಿಡುವುದು ಮರದ ಹೊರಗಿನ ತೆಳು ರೆಂಬೆಗಳ ತುದಿಯಲ್ಲಿ. ಅಲ್ಲಿ ಇಷ್ಟು ಭಾರದ ಪ್ರಾಣಿ ಕೂರುವ ಹಾಗಿಲ್ಲ, ರೆಂಬೆ ಮುರಿಯುತ್ತದೆ. ಸ್ಪೈಡರ್ ಮಂಕಿ ಬಾಲವನ್ನು ಮೇಲಿನ ಗಟ್ಟಿ ಕೊಂಬೆಗೆ ಸುತ್ತುತ್ತದೆ. ಕಾಲಿನಿಂದ ಪಕ್ಕದ ಇನ್ನೊಂದನ್ನು ಹಿಡಿಯುತ್ತದೆ. ಹೀಗೆ ಭಾರ ಹಂಚಿಕೊಂಡು ಕೆಳಕ್ಕೆ ಇಳಿಬಿದ್ದು ಎರಡೂ ಕೈಯಲ್ಲಿ ಹಣ್ಣು ಕೀಳುತ್ತದೆ. ನಮ್ಮ ಕೋತಿಯ ದಾರಿ ಬೇರೆ. ಅದರ ಕುಂಡೆಯ ಮೇಲೆ ದಪ್ಪ ಚರ್ಮದ ಮೆತ್ತೆ ಇದೆ, ಕೊಂಬೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಓಡುತ್ತದೆ. ನೆಲಕ್ಕೂ ಆರಾಮಾಗಿ ಇಳಿಯುತ್ತದೆ.

ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ ಸ್ಪೈಡರ್ ಮಂಕಿಗಳ ಬಗ್ಗೆ ತುಂಬಾ ಕೆಲಸ ನಡೆದಿದೆ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ನೀರಿನ ಮಧ್ಯೆ ಉಳಿದ ಗುಡ್ಡ ಅದು. ಅಲ್ಲಿ ಇವು ಇಷ್ಟಪಟ್ಟು ತಿನ್ನುವ ಹಣ್ಣುಗಳಲ್ಲೊಂದು ಹೋಬೊ. ನಮ್ಮ ಅಮಟೆಕಾಯಿಯ ಹತ್ತಿರದ ನೆಂಟ, ಒಂದೇ ಕುಲದ ಮರ. ಕೋತಿಗಳು ತಿಂದು ಬಿಸಾಡಿದ ಹೋಬೊ ಹಣ್ಣುಗಳನ್ನು ಸಂಶೋಧಕರು ಆರಿಸಿ ಪರೀಕ್ಷೆ ಮಾಡಿದರು. ಕಳಿತ ಹಣ್ಣಿನಲ್ಲಿ ಶೇಕಡಾ 1ರಿಂದ 2ರಷ್ಟು ಆಲ್ಕೋಹಾಲ್ ಇತ್ತು. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೋತಿಗಳ ಮೂತ್ರದಲ್ಲೂ ಅದರ ಕುರುಹು ಸಿಕ್ಕಿತು. ತೂರಾಡುವಷ್ಟೇನೂ ಅಲ್ಲ, ಅಷ್ಟರೊಳಗೆ ಹೊಟ್ಟೆ ತುಂಬಿಬಿಡುತ್ತದೆ.

ಅದೇ ದ್ವೀಪದಲ್ಲಿ ಕ್ಯಾಥರಿನ್ ಮಿಲ್ಟನ್ ಎಂಬ ವಿಜ್ಞಾನಿ ಸ್ಪೈಡರ್ ಮಂಕಿಯನ್ನು ಅಲ್ಲಿನ ಇನ್ನೊಂದು ಕೋತಿಯಾದ ಹೌಲರ್ ಮಂಕಿಯ ಜೊತೆ ಹೋಲಿಸಿ ನೋಡಿದರು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ತೂಕ, ಎರಡಕ್ಕೂ ಹಿಡಿಯುವ ಬಾಲ ಇದೆ. ಹೌಲರ್ ಎಲೆಯನ್ನು ಜಾಸ್ತಿ ತಿನ್ನುತ್ತದೆ. ತಿಂದದ್ದು ಹೊಟ್ಟೆ ದಾಟಿ ಹೊರಬರಲು ಸುಮಾರು 20 ಗಂಟೆ. ಸ್ಪೈಡರ್ ಮಂಕಿಯ ಊಟದ ಮುಕ್ಕಾಲು ಪಾಲು ಹತ್ತಿರ ಹಣ್ಣೇ. ಅದು ನಾಲ್ಕು ಗಂಟೆಯಲ್ಲಿ ಹೊರಗೆ. ಹೌಲರ್‌ನ ಮಿದುಳು ಸುಮಾರು 50 ಗ್ರಾಂ, ಸ್ಪೈಡರ್ ಮಂಕಿಯದ್ದು 107 ಗ್ರಾಂ. ಎಲೆ ಎಲ್ಲೆಲ್ಲೂ ಸಿಗುತ್ತದೆ, ಆದರೆ ಯಾವ ಮರ ಎಲ್ಲಿದೆ, ಯಾವಾಗ ಹಣ್ಣಾಗುತ್ತದೆ ಎಂದು ನೆನಪಿಡಲು ತಲೆ ಬೇಕು ಎಂಬುದು ಮಿಲ್ಟನ್ ಅವರ ವಾದ.

ಹಣ್ಣಿನ ಮೇಲೆ ಬದುಕುವವರ ಸಂಸಾರವೂ ಹಾಗೇ ಇರುತ್ತದೆ. ಒಂದು ಗುಂಪಿನಲ್ಲಿ ಇಪ್ಪತ್ತು ಮೂವತ್ತು ಕೋತಿಗಳಿದ್ದರೂ ಎಲ್ಲವೂ ಒಟ್ಟಿಗೆ ತಿರುಗುವುದು ಕಡಿಮೆ. ಬೆಳಿಗ್ಗೆ ಎರಡು ಮೂರಾಗಿ ಚದುರುತ್ತವೆ, ಹಣ್ಣು ತುಂಬಿದ ದೊಡ್ಡ ಮರ ಸಿಕ್ಕರೆ ಕೂಡುತ್ತವೆ, ಮತ್ತೆ ಬೇರೆಯಾಗುತ್ತವೆ. ಬೆಳೆದ ಹೆಣ್ಣು ಬೇರೆ ಗುಂಪಿಗೆ ಹೋಗುತ್ತದೆ, ಗಂಡು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ. ಮರಗಳ ನಡುವೆ ಅಂತರ ಇದ್ದಾಗ ತಾಯಿ ಈ ಕಡೆ ಬಾಲ, ಆ ಕಡೆ ಕೈ ಚಾಚಿ ತನ್ನ ಮೈಯನ್ನೇ ಸೇತುವೆ ಮಾಡಿ ನಿಲ್ಲುತ್ತದೆ. ಮರಿ ಅದರ ಮೇಲೆ ದಾಟುತ್ತದೆ.

ಸರಿ, ನಮ್ಮ ಕಾಡಲ್ಲೂ ಹಣ್ಣಿದೆ. ಹಾಗಿದ್ದರೆ ಇಲ್ಲಿ ಯಾಕಿಲ್ಲ? ಮೂರು ಕೋಟಿ ವರ್ಷಗಳಿಗೂ ಹಿಂದೆಯೇ ಆ ಕಡೆಯ ಕೋತಿಗಳ ವಂಶ ನಮ್ಮ ಕಡೆಯದರಿಂದ ಬೇರೆಯಾಗಿದೆ. ಆದರೆ ಅದೊಂದೇ ಉತ್ತರ ಸಾಲದು. ಯಾಕೆಂದರೆ ದಕ್ಷಿಣ ಅಮೆರಿಕದಲ್ಲಿ ಕೆಲವು ಮುಳ್ಳುಹಂದಿ, ಇರುವೆಬಾಕಗಳಿಗೂ ಹಿಡಿಯುವ ಬಾಲ ಇದೆ. ನಮ್ಮ ಮಲೆನಾಡಿನಲ್ಲಿ ಬೇರೆಯೇ ಕಲೆ: ಹಾರುವ ಅಳಿಲು, ಅಡಿಕೆ ತೋಟದ ಹಾರುವ ಓತಿ, ಹಾರುವ ಕಪ್ಪೆ. ಇವೆಲ್ಲ ಮರದಿಂದ ಮರಕ್ಕೆ ತೇಲುತ್ತವೆ. ದಕ್ಷಿಣ ಅಮೆರಿಕದಲ್ಲಿ ಹೀಗೆ ತೇಲುವ ಸಸ್ತನಿ ಒಂದೂ ಇಲ್ಲ. 1983ರಲ್ಲಿ ಲೂಯಿಸ್ ಎಮನ್ಸ್ ಮತ್ತು ಆಲ್ವಿನ್ ಜೆಂಟ್ರಿ ಎಂಬ ವಿಜ್ಞಾನಿಗಳು ಇದಕ್ಕೆ ಕಾಡಿನ ರಚನೆಯೇ ಕಾರಣ ಇರಬಹುದು ಅಂದರು. ಆಗ್ನೇಯ ಏಷ್ಯಾದ ಎತ್ತರದ ಮರಗಳ ನಡುವೆ ಬಳ್ಳಿ ಕಡಿಮೆ, ತೇಲುವುದೇ ವಾಸಿ. ಆಫ್ರಿಕಾದಲ್ಲಿ ಬಳ್ಳಿ ಜಾಸ್ತಿ, ನಡೆದೇ ದಾಟಬಹುದು. ದಕ್ಷಿಣ ಅಮೆರಿಕ ಇವೆರಡರ ಮಧ್ಯೆ, ಅಲ್ಲಿ ಒಂದು ಹಿಡಿತ ಹೆಚ್ಚಿಗೆ ಇದ್ದರೆ ಒಳ್ಳೆಯದು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ನನಗಂತೂ ಇದು ತೂಕದ ಮಾತು ಅನ್ನಿಸುತ್ತದೆ.

ನೇತಾಡುವುದರಲ್ಲಿ ಇಷ್ಟು ಪಳಗಿದ ಪ್ರಾಣಿಗೆ ಮರವೇ ಇಲ್ಲದ ಜಾಗ ದಾಟುವುದು ಕಷ್ಟ. ರಸ್ತೆ, ಹೊಲ ಬಂದರೆ ಕಾಡು ತುಂಡಾಗಿ ಗುಂಪುಗಳು ಸಿಕ್ಕಿಕೊಳ್ಳುತ್ತವೆ. ಜೊತೆಗೆ ಮಾಂಸಕ್ಕಾಗಿ ಬೇಟೆ. ಮರಿಯನ್ನು ಸಾಕಲು ಮಾರುವವರು ಮೊದಲು ತಾಯಿಯನ್ನು ಕೊಲ್ಲುತ್ತಾರೆ, ಯಾಕೆಂದರೆ ತಾಯಿ ಮರಿಯನ್ನು ಬಿಟ್ಟುಕೊಡುವುದಿಲ್ಲ. ಒಂದು ಹೆಣ್ಣು ಸುಮಾರು ಮೂರು ವರ್ಷಕ್ಕೊಂದು ಮರಿ ಹಾಕುತ್ತದೆ. ಈ ವೇಗದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದು ಸಾಧ್ಯವೇ ಇಲ್ಲ. ಕೊಲಂಬಿಯಾ, ವೆನೆಜುವೆಲಾದ ಕಂದು ಸ್ಪೈಡರ್ ಮಂಕಿ ಅಳಿವಿನ ಅಂಚಿಗೆ ಬಂದಿದೆ. ಅದರ ಜೊತೆಗೆ ಮರಗಳಿಗೂ ನಷ್ಟ. ಈ ಕೋತಿಗಳು ದೊಡ್ಡ ಬೀಜಗಳನ್ನು ಹಾಗೇ ನುಂಗಿ, ತಾಯಿಮರದಿಂದ ದೂರ ಒಯ್ದು ಹಾಕುತ್ತವೆ. ಅಷ್ಟು ದೊಡ್ಡ ಬೀಜ ನುಂಗುವ ಪ್ರಾಣಿ ಆ ಕಾಡಿನಲ್ಲಿ ಜಾಸ್ತಿ ಇಲ್ಲ.

ಅಮೆರಿಕದಲ್ಲಿರುವ ನಮ್ಮವರು ರಜೆಗೆ ಮೆಕ್ಸಿಕೊದ ಕಾನ್‌ಕುನ್‌ಗೆ ಹೋಗುವುದುಂಟು. ಅಲ್ಲಿಂದ ಕೋಬಾ ಕಡೆಗೆ ಹೋದರೆ ಪುಂತಾ ಲಗೂನಾ ಎಂಬ ಮಾಯಾ ಜನರ ಹಳ್ಳಿ ಸಿಗುತ್ತದೆ. 2002ರಲ್ಲಿ ಸುತ್ತಲಿನ ಕಾಡು ಸಂರಕ್ಷಿತ ಪ್ರದೇಶವಾಯಿತು. ಹಳ್ಳಿಯವರೇ ಗೈಡ್ ಆಗಿ ಕರೆದುಕೊಂಡು ಹೋಗಿ ಸ್ಪೈಡರ್ ಮಂಕಿ ತೋರಿಸುತ್ತಾರೆ. ಹೋಗುವವರು ತಿಂಡಿ ಕೊಡಬೇಡಿ, ಸರಿಯಾಗಿ ಅವುಗಳ ಕೆಳಗೂ ನಿಲ್ಲಬೇಡಿ. ಸಿಟ್ಟು ಬಂದರೆ ಕೊಂಬೆ ಮುರಿದು ಕೆಳಕ್ಕೆ ಹಾಕುವ ಅಭ್ಯಾಸ ಇವಕ್ಕಿದೆ.