ಲೈನ್ ಎಂದರೆ ಗೆರೆ ಮಾತ್ರವೇ?

ಪ್ರಶ್ನೆ: "ಇಂಗ್ಲಿಷಿನ 'ಲೈನ್' ಪದದ ನಿಜವಾದ ಅರ್ಥ ಗೆರೆ. ಹಾಗಿರುವಾಗ ಕೊಡಗಿನಲ್ಲಿ ನಾವು ತೋಟದ ಕಾರ್ಮಿಕರ ಮನೆಗೆ 'ಲೈನ್ ಮನೆ', ಕರೆಂಟ್ ಹೋದರೆ 'ಲೈನ್ ಹೋಯಿತು' ಎನ್ನುವುದು ತಪ್ಪಲ್ಲವೆ?"

ತಪ್ಪಲ್ಲ. ಈ ಉತ್ತರವನ್ನು ತರಗತಿಯಲ್ಲಿ, ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪಡಿತರ ಅಂಗಡಿಯ ಲೈನ್ ಯಾವುದು, ಫೋನಿನ ಲೈನ್ ಯಾವುದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. "ಲೈನಿಗೆ ಹೋಗಿ ನಾಳೆಯ ಕೆಲಸ ಹೇಳಿ ಬಾ" ಎಂದರೆ ತೋಟದ ರೈಟರ್, ಅಂದರೆ ಕೆಲಸದ ಉಸ್ತುವಾರಿ ನೋಡುವವನು, ನೇರವಾಗಿ ಕಾರ್ಮಿಕರ ಮನೆಗಳತ್ತ ಹೋಗುತ್ತಾನೆಯೇ ಹೊರತು ಕರೆಂಟ್ ಕಂಬದ ಕಡೆಗಲ್ಲ.

ಆದರೆ 'ನಿಜವಾದ ಅರ್ಥ ಗೆರೆ' ಎಂಬ ನಂಬಿಕೆ ಮಾತ್ರ ಬೇರು ಬಿಟ್ಟಿದೆ. ಅದನ್ನು ಕೀಳಲೇಬೇಕು. ಲ್ಯಾಟಿನ್‌ನಲ್ಲಿ 'ಲೀನಮ್' ಎಂದರೆ ಅಗಸೆ. ಅಗಸೆ ನಾರಿನಿಂದ ಹೊಸೆದ ದಾರ 'ಲೀನಿಯಾ'. ಹಳೆಯ ಇಂಗ್ಲಿಷಿನಲ್ಲೂ ಈ ಪದಕ್ಕೆ ಹಗ್ಗವೆಂದೇ ಅರ್ಥವಿತ್ತು. ದಾರ ಮೊದಲು, ಗೆರೆ ಆಮೇಲೆ. ನಮ್ಮ 'ಸೂತ್ರ' ನೂಲಿನಿಂದ ಹೊರಟು ವ್ಯಾಕರಣಕ್ಕೂ ಗಣಿತಕ್ಕೂ ಬಂದಿಲ್ಲವೆ? ಇದೂ ಹಾಗೆಯೇ.

ನಂಬಿಕೆ ಬಾರದಿದ್ದರೆ ಹೊಸ ಕಾಫಿ ತೋಟದಲ್ಲಿ ಗಿಡ ನೆಡುವ ಜಾಗ ಗುರುತಿಸಲು 'ಲೈನಿಂಗ್' ಮಾಡುವುದನ್ನು ನಿಂತು ನೋಡಿ. ಇಬ್ಬರು ಹಗ್ಗದ ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯುತ್ತಾರೆ. ಅರೇಬಿಕಾ ಆದರೆ ಆರು ಅಡಿಗೊಂದು, ರೊಬಸ್ಟಾ ಆದರೆ ಹತ್ತು ಅಡಿಗೊಂದು ಗುರುತು ಹಗ್ಗದಲ್ಲಿರುತ್ತದೆ. ಮೂರನೆಯವನು ಗುರುತು ಇರುವಲ್ಲೆಲ್ಲ ಗೂಟ ಹೊಡೆಯುತ್ತಾ ಹೋಗುತ್ತಾನೆ. ನೆಲದ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಹಗ್ಗ ಸುತ್ತಿ ಎತ್ತಿಕೊಂಡ ಮೇಲೆ ಉಳಿಯುವುದು ಗೂಟಗಳ ಸಾಲು. ಹಗ್ಗ ಹೇಗೆ ಸಾಲಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಲೈನ್ ಮನೆಯ 'ಲೈನ್' ಈ ಸಾಲೇ. ಒಂದೇ ಮಾಡಿನ ಕೆಳಗೆ ಗೋಡೆಗೆ ಗೋಡೆ ತಾಗಿದ ಕೋಣೆಗಳು. ಸಿಪಾಯಿಗಳ ವಸತಿ ಸಾಲುಗಳನ್ನೂ ಇಂಗ್ಲಿಷರು 'ಲೈನ್ಸ್' ಎಂದೇ ಕರೆಯುತ್ತಿದ್ದರು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ನಂತರ ಇಲ್ಲಿ ತೋಟ ಮಾಡಿದ ಯುರೋಪಿಯನ್ ಪ್ಲಾಂಟರುಗಳ ಮಾತು ಇದು. ನಮ್ಮವರು ಕೆಡಿಸಿದ ಇಂಗ್ಲಿಷ್ ಎಂದು ತೋಟದ ಜನರನ್ನು ಹಳಿಯುವುದು ಅನ್ಯಾಯ. ಕರೆಂಟಿನ ಲೈನ್ ಅಂತೂ ಕಂಬದಿಂದ ಕಂಬಕ್ಕೆ ಎಳೆದ ತಂತಿ. ಹಗ್ಗಕ್ಕೆ ಅದಕ್ಕಿಂತ ಹತ್ತಿರದ ಅರ್ಥ ಇನ್ನೊಂದಿಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರವಿಕೆಗೆ ಟೈಲರ್ ಕೊಡುವ 'ಲೈನಿಂಗ್' ಗೆರೆಯಿಂದಲೂ ಬಂದಿಲ್ಲ, ಸಾಲಿನಿಂದಲೂ ಬಂದಿಲ್ಲ. ಹಿಂದೆ ಉಡುಪಿನ ಒಳಪದರಕ್ಕೆ ಅಗಸೆ ನಾರಿನ ಬಟ್ಟೆ, ಅಂದರೆ ಲಿನಿನ್ ಹಾಕುತ್ತಿದ್ದರು. ಆ ನಾರಿನ ಹೆಸರೇ ಒಳಪದರಕ್ಕೆ ನಿಂತಿತು. ಈಗ ಟೈಲರ್ ಹತ್ತಿ ಬಟ್ಟೆ ಕತ್ತರಿಸಿಟ್ಟು "ಲೈನಿಂಗ್ ಹಾಕಲೇ ಅಕ್ಕಾ?" ಎಂದು ಕೇಳುವಾಗಲೂ ಅವರ ಬಾಯಲ್ಲಿರುವುದು ಅಗಸೆಯ ಹೆಸರೇ.